ಬಿಟ್ಟ ಅಭ್ಯಾಸವನ್ನು ಮರಳಿ ಹಿಡಿಯುವ ಬಗೆ

ಕಾರವಾರದ ಬೈತಖೋಲ ಬಂದರಿನಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ವಿಶ್ರಮಿಸುತ್ತವೆ. ಮೀನು ಸಂತಾನ ಬೆಳೆಸುವ ಕಾಲವೆಂದು ವಿಧಿಸಲಾದ 61 ದಿನಗಳ ನಿಷೇಧವಿದು. ಆಗಸ್ಟ್ ಬಂದಿತೆಂದು ಬಲ್ಲ ಮೀನುಗಾರನು ದೋಣಿಯನ್ನು ಹಾಗೆಯೇ ಆಳಗಡಲಿಗೆ ನಡೆಸುವುದಿಲ್ಲ. ಸಂದುಗಳನ್ನು ನೋಡುತ್ತಾನೆ, ಯಂತ್ರವನ್ನು ಪರೀಕ್ಷಿಸುತ್ತಾನೆ, ಹರಿದ ಬಲೆಯನ್ನು ಹೆಣೆಯುತ್ತಾನೆ. ದೋಣಿಗೆ ತೋರುವ ಈ ವಿವೇಕವನ್ನು ನಾವು ನಮ್ಮ ದೇಹಕ್ಕೆ ತೋರುವುದು ವಿರಳ.

ಇದನ್ನು ಪರೋಪದೇಶಕ್ಕಾಗಿ ಬರೆಯುತ್ತಿಲ್ಲ. ಅಂಕೋಲೆಯಲ್ಲಿ ನಾನು ಹಲವು ವರ್ಷ ಪ್ರಾತಃಕಾಲದ ಯೋಗವರ್ಗಕ್ಕೆ ತಪ್ಪದೆ ಹೋಗುತ್ತಿದ್ದೆ. ಬಳಿಕ ಕೆಲಸದ ನಿಮಿತ್ತ ದಿನವೂ ಕಾರವಾರಕ್ಕೆ ಬಸ್ಸು ಹಿಡಿಯಬೇಕಾಯಿತು. ಈ ವಾರ ಬೇಡ, ಬರುವ ವಾರವಾಗಲಿ ಎಂದುಕೊಳ್ಳುತ್ತಲೇ ಆರು ವರ್ಷಗಳು ಸಂದವು. ವಿನೋದವೆಂದರೆ, ಆ ಆರು ವರ್ಷವೂ ಪತಂಜಲಿಯು ಹೇಳಿದ ಯೋಗಾಂತರಾಯಗಳನ್ನು ವಿದ್ಯಾರ್ಥಿಗಳಿಗೆ ಕಂಠಪಾಠ ಮಾಡಿಸುತ್ತಲೇ ಇದ್ದೆ. ಕೊನೆಗೊಮ್ಮೆ ವರ್ಗಕ್ಕೆ ಮರಳಿದಾಗ ಹಿಂದಿನಂತೆ ಮೊದಲ ಸಾಲಿನಲ್ಲಿಯೇ ಕುಳಿತೆ. ಹಿಂದಿನಂತೆಯೇ ಪಶ್ಚಿಮೋತ್ತಾನಾಸನಕ್ಕೆ ಬಲವಂತವಾಗಿ ಬಾಗಿದೆ. ಸೊಂಟ ಹಿಡಿಯಿತು. ಮೂರು ದಿನ ಕರಿಹಲಗೆಯ ಮುಂದೆ ನಿಲ್ಲಲಾಗಲಿಲ್ಲ. ಒಬ್ಬ ವಿದ್ಯಾರ್ಥಿ ಕುರ್ಚಿಯನ್ನು ತಂದಿಟ್ಟ. ಅಂತರಾಯಗಳ ಪಾಠವನ್ನು ಕುಳಿತೇ ಹೇಳಿದೆ.

ಪತಂಜಲಿಯು ಗಣಿಸಿದ ಅಂತರಾಯಗಳು ಒಂಬತ್ತು. ವ್ಯಾಧಿ ಮೊದಲನೆಯದು, ಆಲಸ್ಯ, ಸಂಶಯ, ಪ್ರಮಾದಗಳು ನಡುವೆ ಬರುತ್ತವೆ. ಕಡೆಯ ಎರಡನ್ನು ವಿಶೇಷವಾಗಿ ಗಮನಿಸಬೇಕು. ಅಲಬ್ಧಭೂಮಿಕತ್ವವೆಂದರೆ ನೆಲೆಯು ದೊರೆಯದಿರುವುದು. ಅನವಸ್ಥಿತತ್ವವೆಂದರೆ ದೊರೆತ ನೆಲೆಯಲ್ಲಿ ನಿಲ್ಲಲಾರದಿರುವುದು. ಅಭ್ಯಾಸ ಬಿಟ್ಟವನ ಸ್ಥಿತಿ ಎರಡನೆಯದು. ಅಭ್ಯಾಸವು ದೃಢವಾಗಲು ದೀರ್ಘಕಾಲ, ನಿರಂತರತೆ ಮತ್ತು ಆದರ ಈ ಮೂರೂ ಬೇಕೆಂದು ಅದೇ ಗ್ರಂಥ ತಿಳಿಸುತ್ತದೆ. ನಿರಂತರತೆ ಒಮ್ಮೆ ಕಡಿದುಹೋದರೆ ಉಳಿದೆರಡರಿಂದಲೇ ಅದನ್ನು ಮತ್ತೆ ಕಟ್ಟಬೇಕು. ನನ್ನಲ್ಲಿ ಆಗ ಆದರವಿರಲಿಲ್ಲ, ಅಭಿಮಾನವಿತ್ತು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ಯೋಗವನ್ನು ಕೆಡಿಸುವ ಆರರಲ್ಲಿ ಅತ್ಯಾಹಾರದ ಮರುಕ್ಷಣವೇ ಪ್ರಯಾಸವನ್ನು, ಅಂದರೆ ಅತಿಶ್ರಮವನ್ನು, ಎಣಿಸಿದೆ. ಸಿಂಹ, ಗಜ, ವ್ಯಾಘ್ರಗಳನ್ನು ಪಳಗಿಸುವಂತೆ ಪ್ರಾಣವಾಯುವನ್ನೂ ಮೆಲ್ಲಮೆಲ್ಲನೆ ವಶಮಾಡಿಕೊಳ್ಳಬೇಕೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಶರೀರಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ವ್ಯಾಯಾಮ ನಿಂತ ಕೆಲವೇ ವಾರಗಳಲ್ಲಿ ಉಸಿರಿನ ಕಸುವು ಕುಂದತೊಡಗುತ್ತದೆ. ಸ್ನಾಯುಬಲವು ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಮರಳಿ ಆರಂಭಿಸಿದಾಗ ಸ್ನಾಯು ಬೇಗ ಚೇತರಿಸಿಕೊಂಡರೂ ಅದನ್ನು ಎಲುಬಿಗೆ ಬಿಗಿದಿರುವ ಕಂಡರವು ಅಷ್ಟು ಬೇಗ ಗಟ್ಟಿಯಾಗದು. ಆದುದರಿಂದಲೇ 'ನನಗೆ ಶಕ್ತಿ ಬಂದಿತು' ಎಂದು ತೋರುವ ಹೊತ್ತಿಗೇ ಪೆಟ್ಟಾಗುವ ಭಯ ಹೆಚ್ಚು. ಹೊಸ ಶ್ರಮದ ನೋವು ಕೂಡಲೇ ಕಾಣದೆ ಮರುದಿನವೋ ಮೂರನೆಯ ದಿನವೋ ತೋರುವುದುಂಟು. ಸಮಾಧಾನದ ಸಂಗತಿಯೊಂದಿದೆ: ಒಮ್ಮೆ ಕಲಿತ ದೇಹವು ಪೂರ್ತಿಯಾಗಿ ಮರೆಯುವುದಿಲ್ಲ. ಮೊದಲ ಸಲ ಪಡೆಯಲು ಬೇಕಾದಷ್ಟು ಕಾಲ ಮರಳಿ ಪಡೆಯಲು ಸಾಮಾನ್ಯವಾಗಿ ಬೇಕಾಗದು.

ಇದಕ್ಕೆ ಕನ್ನಡನಾಡಿನವರೇ ಆದ ಬಿ.ಕೆ.ಎಸ್. ಅಯ್ಯಂಗಾರ್ಯರ ನಿದರ್ಶನವಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ರೋಗಗಳಿಂದ ನವೆದು, ಮೈಸೂರಿನಲ್ಲಿ ಭಾವನವರಾದ ಟಿ. ಕೃಷ್ಣಮಾಚಾರ್ಯರ ಬಳಿ ಯೋಗಾಭ್ಯಾಸಕ್ಕೆ ತೊಡಗಿದರು. ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ತಿಗೇ ಗುರುವಾದರು. ಅರುವತ್ತು ತುಂಬಿದ ಮೇಲೆ, 1979ರಲ್ಲಿ, ಸ್ಕೂಟರ್ ಅಪಘಾತದಿಂದ ಅವರ ದೇಹಕ್ಕೆ ತೀವ್ರ ಪೆಟ್ಟಾಯಿತು. ಲೋಕಕ್ಕೆ ಆಸನ ಕಲಿಸಿದವರು ಆಗ ಆರಂಭದ ವಿದ್ಯಾರ್ಥಿಯಂತೆ ಮೊದಲ ಆಸನಗಳಿಂದ ಮತ್ತೆ ತೊಡಗಬೇಕಾಯಿತು. 2014ರಲ್ಲಿ ತೀರಿಕೊಂಡ ಆ ಹಿರಿಯರು ವಾರ್ಧಕ್ಯದಲ್ಲಿಯೂ ಅಭ್ಯಾಸ ಬಿಡಲಿಲ್ಲ. ಅವರಿಗೇ ಇಲ್ಲದ ನಾಚಿಕೆ ನಮಗೇಕೆ?

ಮರಳಿ ತೊಡಗುವವರು ಈ ಕ್ರಮವನ್ನು ಅನುಸರಿಸಬಹುದು. ರಕ್ತದೊತ್ತಡ, ಹೃದ್ರೋಗ, ಮಂಡಿನೋವು ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಎಷ್ಟು ಕಾಲ ಬಿಟ್ಟಿದ್ದೇವೆಂಬುದನ್ನು ಯೋಗಶಿಕ್ಷಕರಿಗೆ ಮುಚ್ಚಿಡದೆ ತಿಳಿಸಬೇಕು. ಮೊದಲ ಎರಡು ವಾರ ಹಿಂದಿನ ಅಭ್ಯಾಸದ ಅರ್ಧಕ್ಕಿಂತ ಹೆಚ್ಚು ಬೇಡ. ತಾಡಾಸನದಂತಹ ಸರಳ ಆಸನಗಳಿಂದ ಆರಂಭಿಸಿ ಶವಾಸನದಲ್ಲಿ ಮುಗಿಸಬೇಕು. ಹನ್ನೆರಡು ಸೂರ್ಯನಮಸ್ಕಾರ ಮಾಡುತ್ತಿದ್ದವರು ಎರಡು ಮೂರರಿಂದ ತೊಡಗಲಿ. ಕುಂಭಕದ ಗೊಡವೆ ಆರಂಭದಲ್ಲಿ ಬೇಡ. ಒಂದು ವಾಕ್ಯವನ್ನು ಸಲೀಸಾಗಿ ಆಡಲಾರದಷ್ಟು ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಕರಾವಳಿಯ ಬೇಸಗೆಯಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ಬೇಗ ತಣಿಯುವುದಿಲ್ಲ. ಆದುದರಿಂದ ಬಿಸಿಲೇರುವ ಮೊದಲೇ ಮುಗಿಸುವುದು ಲೇಸು.

ಪ್ರಿಯ ವಿದ್ಯಾರ್ಥಿಗಳೇ, ಈ ಮಾತು ಆಸನಗಳಿಗೆ ಮಾತ್ರ ಸಲ್ಲುವುದಲ್ಲ. ಕಾಯಿಲೆಯಿಂದಲೋ ಮನೆಯ ತೊಂದರೆಯಿಂದಲೋ ನಿಮ್ಮ ಓದು ಕಡಿದುಹೋಗಬಹುದು. ಆಗ ಬಿಟ್ಟ ಪುಟಕ್ಕಿಂತ ನಾಲ್ಕು ಪುಟ ಹಿಂದಕ್ಕೆ ಹೋಗಿ ಆರಂಭಿಸಿರಿ, ಅದು ಸೋಲಲ್ಲ. ನಾನೀಗ ವರ್ಗದಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಬೆರಳು ಇನ್ನೂ ಪಾದಕ್ಕೆ ಮುಟ್ಟಿಲ್ಲ. ಆದರೆ ಕಳೆದ ಎಂಟು ತಿಂಗಳಲ್ಲಿ ಒಂದು ವಾರವೂ ತಪ್ಪಿಲ್ಲ. ಪಾಠವನ್ನು ನಿಂತೇ ಹೇಳುತ್ತಿದ್ದೇನೆ.