ದಿನ ತಪ್ಪಿದರೆ ಮಲಬದ್ಧತೆಯೇ?

ಮನಗೂಳಿಯ ಓದುಗರೇ, ದಿನ ಬಿಟ್ಟು ದಿನ ಶೌಚಕ್ಕೆ ಹೋಗುವುದನ್ನೇ ನೀವು ಮಲಬದ್ಧತೆ ಎಂದು ಬರೆದಿದ್ದೀರಿ. ವೈದ್ಯರು ಆ ಪದವನ್ನು ಹಾಗೆ ಬಳಸುವುದಿಲ್ಲ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾಗುವುದು, ಮಲ ಗಟ್ಟಿಯಾಗಿ ತಿಣುಕಬೇಕಾಗುವುದು, ಹೋಗಿ ಬಂದರೂ ಹೊಟ್ಟೆ ತೆರವಾಗಿಲ್ಲ ಅನ್ನಿಸುವುದು ಅದರ ಲಕ್ಷಣ. ತ್ರಾಸಿಲ್ಲದಿದ್ದರೆ ನಿಮ್ಮದು ಸಹಜವೇ. ದಿನಾ ಆಗದಿದ್ದರೆ ಮೈಗೆ ವಿಷ ಏರುತ್ತದೆಂಬ ಹಿರಿಯರ ನಂಬಿಕೆಗೆ ಆಧಾರವಿಲ್ಲ. ಆ ಭಯಕ್ಕೆ ನಿತ್ಯ ಜುಲಾಬಿನ ಪುಡಿ ನುಂಗುವುದು ಸರಿಯಲ್ಲ.

ಜೋಳದ ರೊಟ್ಟಿ ಉಣ್ಣುವವರಿಗೆ ಮಲಬದ್ಧತೆ ಎಲ್ಲಿಂದ ಬಂತು ಎಂದು ಕೇಳಬಹುದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ನಿಜ. ಆದರೆ ನಾರು ನೀರು ಹಿಡಿದಾಗಲೇ ಮಲ ಮೆತ್ತಗಾಗುವುದು. ನಿಮ್ಮ ವಿಜಯಪುರ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರಿ ನೀರು ಕಡಿಮೆ ಕುಡಿದರೆ ದೊಡ್ಡ ಕರುಳು ಮಲದ ನೀರನ್ನೇ ಹೀರಿಕೊಳ್ಳುತ್ತದೆ. ಕಬ್ಬಿಣಾಂಶದ ಮಾತ್ರೆಯೂ ಕಾರಣವಾಗಬಹುದು. ಬಯಲಿಗೆ ಹೋಗಲು ಕತ್ತಲಾಗಲೆಂದು ಹೆಣ್ಣುಮಕ್ಕಳು ತಡೆದುಕೊಳ್ಳುವುದಂತೂ ದೊಡ್ಡ ಕಾರಣ, ಅದಕ್ಕೆ ಮದ್ದು ಮನೆಯಲ್ಲೊಂದು ಶೌಚಾಲಯ. ರೊಟ್ಟಿಯ ಜೊತೆ ಪುಂಡಿಪಲ್ಲೆ, ಕಾಳು, ಮಜ್ಜಿಗೆ, ಸಾಕಷ್ಟು ನೀರು ಇರಲಿ. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ವಯಸ್ಸು 50 ದಾಟಿದ ಮೇಲೆ ಶೌಚದ ರೂಢಿಯಲ್ಲಿ ಏಕಾಏಕಿ ಬದಲಾವಣೆ ಕಂಡರೆ ಮನೆಮದ್ದು ಬಿಟ್ಟು ಕೂಡಲೇ ವೈದ್ಯರನ್ನು ಕಾಣಿರಿ.