ಎಳೆಗೊಂದು ಚೀಲ

ಘಟಪ್ರಭೆಯು ಧುಮುಕುವ ಗೋಕಾಕದ ಜಲಪಾತದ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ನೆಲೆಗೊಂಡಿತು. ನೂಲುವ ಯಂತ್ರದಲ್ಲಿ ನೂರಾರು ಎಳೆಗಳು ಏಕಕಾಲಕ್ಕೆ ಓಡುತ್ತವೆ. ಪ್ರತಿಯೊಂದು ಎಳೆಗೂ ಅದರದೇ ಕದಿರುಂಟು. ಒಂದರ ನೂಲು ಇನ್ನೊಂದಕ್ಕೆ ತೊಡರಿದರೆ ಎರಡೂ ಕೆಡುತ್ತವೆ. ಗಣಕಯಂತ್ರದೊಳಗೂ ಇಂಥ ಎಳೆಗಳಿವೆ. ಒಂದೇ ಕಾರ್ಯಕ್ರಮದಲ್ಲಿ ಜೊತೆಜೊತೆಯಾಗಿ ಸಾಗುವ ಕೆಲಸಗಳ ಸರಣಿಗಳನ್ನು ಇಂಗ್ಲಿಷಿನಲ್ಲಿ ‘ಥ್ರೆಡ್’, ಅಂದರೆ ಎಳೆ, ಎಂದೇ ಕರೆಯುತ್ತಾರೆ.

ಗೋಕಾಕದ ಒಂದು ಗಣಕಯಂತ್ರವು ಮೂಡಲಗಿ ಮತ್ತು ಹುಕ್ಕೇರಿಯ ರೈತರ ಕಬ್ಬಿನ ಲೆಕ್ಕವನ್ನು ಎರಡು ಎಳೆಗಳಲ್ಲಿ ನೋಡಿಕೊಳ್ಳುತ್ತದೆ ಎಂದು ಭಾವಿಸೋಣ. ಯಂತ್ರದ ಸ್ಮೃತಿ ಎರಡು ಎಳೆಗಳಿಗೂ ಸಮಾನವಾದುದು. ಹುಕ್ಕೇರಿಯ ಎಳೆಗೆ ಬೇಕಾದ ಕಡತ ಸಿಗದಿದ್ದರೆ, ಆ ದೋಷವನ್ನು ತಿಳಿಸುವ ಸಂಖ್ಯೆಯೊಂದು ಸ್ಮೃತಿಯಲ್ಲಿ ದಾಖಲಾಗುತ್ತದೆ. ಎರಡು ಎಳೆಗಳಿಗೂ ಆ ಸ್ಥಳ ಒಂದೇ ಆಗಿದ್ದರೆ ಕೇಡು ತಪ್ಪದು. ಹುಕ್ಕೇರಿಯ ಎಳೆ ಅದನ್ನು ಓದುವ ಮೊದಲೇ ಮೂಡಲಗಿಯ ಎಳೆಯು ‘ಬರೆಯಲು ಜಾಗವಿಲ್ಲ’ ಎಂಬ ಬೇರೊಂದು ದೋಷಸಂಖ್ಯೆಯನ್ನು ಅದರ ಮೇಲೆ ಬರೆದುಬಿಡಬಹುದು. ಆಗ ಕಳೆದುಹೋದ ಕಡತವನ್ನು ಯಾರೂ ಹುಡುಕುವುದಿಲ್ಲ. ರೈತನ ಲೆಕ್ಕ ಮರೆಯಾಗುತ್ತದೆ.

ಆದ್ದರಿಂದ ಪ್ರತಿ ಎಳೆಗೂ ಸ್ಮೃತಿಯಲ್ಲಿ ಒಂದು ಸ್ವಂತ ಚೀಲವಿರಬೇಕು. ಆ ಚೀಲ ಎಲ್ಲಿದೆಯೆಂದು ಪ್ರತಿಸಲವೂ ಹುಡುಕುತ್ತಾ ಕುಳಿತರೆ ಕಾಲ ವ್ಯರ್ಥವಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಸಂಸ್ಕಾರಕದ ರಿಜಿಸ್ಟರು. ಇದು ಕಚೇರಿಯ ದಪ್ಪ ಪುಸ್ತಕವಲ್ಲ. ಸಂಸ್ಕಾರಕದ ಒಳಗೇ ಇದ್ದು ಒಂದು ಸಂಖ್ಯೆಯನ್ನು ಹಿಡಿದಿಡುವ ಪುಟ್ಟ ತಾಣ. ಓಡುತ್ತಿರುವ ಎಳೆಯ ಚೀಲದ ವಿಳಾಸವನ್ನು ಅದರಲ್ಲಿ ಇಡಲಾಗುತ್ತದೆ. ಸಂಸ್ಕಾರಕವು ಒಂದು ಎಳೆಯನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುವಾಗ, ಆಪರೇಟಿಂಗ್ ಸಿಸ್ಟಮ್ ಹಳೆಯ ವಿಳಾಸವನ್ನು ತೆಗೆದಿರಿಸಿ ಹೊಸದನ್ನು ತುಂಬುತ್ತದೆ. ‘ಚೀಲದ ಮೂರನೆಯ ಮನೆಯನ್ನು ಓದು’ ಎಂಬ ಆದೇಶ ಎಲ್ಲರಿಗೂ ಒಂದೇ. ತೆರೆಯುವ ಚೀಲ ಮಾತ್ರ ಅವರವರದು.

ಈ ಕೆಲಸಕ್ಕೆ ಒದಗಿದ ಕೆಲವು ರಿಜಿಸ್ಟರುಗಳ ಕಥೆ ಸ್ವಾರಸ್ಯಕರವಾಗಿದೆ. 1978ರ ಇಂಟೆಲ್ 8086 ಸಂಸ್ಕಾರಕದಲ್ಲಿ 16 ಬಿಟ್‌ಗಳ ಒಂದು ಸಂಖ್ಯೆಯಿಂದ ಸ್ಮೃತಿಯನ್ನೆಲ್ಲ ಮುಟ್ಟಲಾಗುತ್ತಿರಲಿಲ್ಲ. ಅದಕ್ಕಾಗಿ ‘ಸೆಗ್ಮೆಂಟ್ ರಿಜಿಸ್ಟರು’ಗಳನ್ನು ಬಳಸಿದರು. 1985ರ 80386ರಲ್ಲಿ ಎಫ್‌ಎಸ್, ಜಿಎಸ್ ಎಂಬ ಇನ್ನೆರಡು ಸೇರಿದವು. 2003ರಲ್ಲಿ ಎಎಂಡಿ ಸಂಸ್ಥೆಯ 64 ಬಿಟ್ ಸಂಸ್ಕಾರಕಗಳು ಬಂದಾಗ ಹಳೆಯ ಪದ್ಧತಿಯ ಅಗತ್ಯ ಬಹುಮಟ್ಟಿಗೆ ತೀರಿತ್ತು. ಆದರೂ ಈ ಎರಡು ಉಳಿದವು. ಇಂದು ಅಂಥ ಯಂತ್ರಗಳಲ್ಲಿ ಎಳೆಯ ಚೀಲವನ್ನು ಲಿನಕ್ಸ್ ಎಫ್‌ಎಸ್‌ನಿಂದಲೂ ವಿಂಡೋಸ್ ಜಿಎಸ್‌ನಿಂದಲೂ ಗುರುತಿಸುತ್ತವೆ. ಮದರಾಸಿನ ಐಐಟಿಯಲ್ಲಿ ರೂಪುಗೊಂಡ ‘ಶಕ್ತಿ’ ಸಂಸ್ಕಾರಕವು ಅನುಸರಿಸುವ ರಿಸ್ಕ್-ಫೈವ್ ಪದ್ಧತಿಯಲ್ಲಿ ‘ಟಿಪಿ’ ಎಂಬ ರಿಜಿಸ್ಟರನ್ನು ಇದಕ್ಕೆಂದೇ ಮೀಸಲಿಟ್ಟಿದ್ದಾರೆ.

ಕೂಡಿ ದುಡಿಯುವವರಿಗೆ ಹಂಚಿಕೊಳ್ಳುವ ಗುಣ ಬೇಕು. ಅವರವರದನ್ನು ಅವರವರಿಗೇ ಉಳಿಸುವ ಎಚ್ಚರವೂ ಬೇಕು. ಆ ಎಚ್ಚರವಿದ್ದಾಗಲೇ ಹುಕ್ಕೇರಿಯ ಲೆಕ್ಕ ಹುಕ್ಕೇರಿಯದಾಗಿ, ಮೂಡಲಗಿಯದು ಮೂಡಲಗಿಯದಾಗಿ ಉಳಿಯುತ್ತದೆ.