ಬೆಳಕಳಿದ ನಿಸ್ತಂತು ಯಂತ್ರ: ದೋಷವಿಚಾರ ಮತ್ತು ದುರಸ್ತಿ

ಭೀಮನಬೀಡು ಗ್ರಾಮವಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಬಂಡೀಪುರದ ಅರಣ್ಯವೂ ಇದೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡನ್ನು ಕಾಯುವವರಿಗೆ ವಾಕಿಟಾಕಿ ಎಂದು ರೂಢಿಯಲ್ಲಿರುವ ಕೈ ನಿಸ್ತಂತು ಯಂತ್ರವು ಅತ್ಯಾವಶ್ಯಕವಾದ ಸಾಧನ. ಆನೆ ಹೊಲಕ್ಕೆ ಇಳಿದ ವಾರ್ತೆಯಾಗಲಿ, ಕಾಡ್ಗಿಚ್ಚು ಹೊತ್ತಿದ ವಾರ್ತೆಯಾಗಲಿ, ಮೊಬೈಲ್ ಸಂಪರ್ಕ ದೊರೆಯದೆಡೆ ಇದರ ಮೂಲಕವೇ ಸಾಗಬೇಕು. ವಾರ್ತೆ ತಡವಾದರೆ ಒದಗುವ ಹಾನಿ ಎಂಥದೆಂಬುದನ್ನು 2019ರ ಫೆಬ್ರವರಿಯ ಕಾಡ್ಗಿಚ್ಚನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ನಿಸ್ ಎಂಬ ಉಪಸರ್ಗಕ್ಕೆ ತಂತು ಶಬ್ದ ಸೇರಿ ನಿಸ್ತಂತು ಎಂದಾಗಿದೆ; ತಂತಿಯಿಲ್ಲದುದು ಎಂದರ್ಥ. ಆದರೆ ಹೊರಗೆ ತಂತಿಯಿಲ್ಲದ ಈ ಯಂತ್ರದ ಒಡಲೊಳಗೆ ಕೂದಲೆಳೆಯಂತಹ ಅನೇಕ ತಂತುಗಳಿವೆ. ಅವುಗಳಲ್ಲಿ ಒಂದು ಕಡಿದರೂ ಯಾವುದೋ ಒಂದು ಕಾರ್ಯ ನಿಲ್ಲುತ್ತದೆ. ಹಾಗೆ ನಿಲ್ಲುವ ಕಾರ್ಯಗಳಲ್ಲಿ ಪರದೆಯ ಹಿಂಬೆಳಕೂ ಒಂದು.

ಯಂತ್ರದ ಪುಟ್ಟ ಪರದೆ ದ್ರವಸ್ಫಟಿಕದಿಂದಾದುದಾದರೆ ಅದಕ್ಕೆ ಸ್ವಯಂಪ್ರಕಾಶವಿಲ್ಲ. ಹಗಲಿನಲ್ಲಿ ಹೊರಗಿನ ಬೆಳಕಿನಿಂದ ಅಕ್ಷರಗಳು ಕಾಣುತ್ತವೆ; ಇರುಳಿನಲ್ಲಿ ಹಿಂದಿನ ದೀಪವೇ ಗತಿ. ದೀಪ ಕೆಟ್ಟರೂ ಮಾತು ಹೋಗುವುದೂ ಬರುವುದೂ ನಿಲ್ಲುವುದಿಲ್ಲ. ಆದರೆ ಚಾನೆಲಿನ ಸಂಖ್ಯೆಯಾಗಲಿ ಬ್ಯಾಟರಿಯ ಪ್ರಮಾಣವಾಗಲಿ ಕಾಣುವುದಿಲ್ಲ. ಕತ್ತಲಲ್ಲಿ ಅರಿಯದೆ ಬೇರೆ ಚಾನೆಲಿಗೆ ತಿರುಗಿಸಿದ ಕಾವಲುಗಾರನ ಕರೆ ಸಂಗಡಿಗರಿಗೆ ಕೇಳದೆ ಹೋಗಬಹುದು. ಆದುದರಿಂದ ಈ ದೀಪವನ್ನು ಅಲಂಕಾರವೆಂದು ಬಗೆಯಲಾಗದು; ಅದು ಆರಿದ ಮಾತ್ರಕ್ಕೆ ಯಂತ್ರವನ್ನೇ ಮೂಲೆಗೆ ಸೇರಿಸುವುದೂ ಸಲ್ಲದು.

ರೋಗವನ್ನರಿಯದೆ ಔಷಧ ಕೊಡಬಾರದಷ್ಟೆ. ಮೊದಲಿಗೆ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿ ನೋಡಬೇಕು. ವಿದ್ಯುತ್ತಿನ ಉಳಿತಾಯಕ್ಕಾಗಿ ದೀಪವನ್ನು ಆರಿಸಿಡುವ ಏರ್ಪಾಡು ಹಲವು ಯಂತ್ರಗಳಲ್ಲಿ ಇರುವುದರಿಂದ ಅದನ್ನೂ ಪರೀಕ್ಷಿಸಬೇಕು. ಬಳಿಕ ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಬೇಕು. ಅಕ್ಷರಗಳು ಕಂಡರೆ ಪರದೆ ಸರಿಯಿದೆ, ದೋಷ ದೀಪದ ಮಾರ್ಗದಲ್ಲಿದೆ. ಕಾಣದಿದ್ದರೆ ಪರದೆಯನ್ನೋ ಅದರ ಪಟ್ಟಿತಂತಿಯನ್ನೋ ಶಂಕಿಸಬೇಕು.

ಯಂತ್ರವನ್ನು ಬಿಚ್ಚುವ ಮುನ್ನ ಬ್ಯಾಟರಿಯನ್ನು ತೆಗೆಯತಕ್ಕದ್ದು. ಭೂತಗನ್ನಡಿ ಹಿಡಿದು ನೋಡಿದರೆ ಬಿರುಕು ಬಿಟ್ಟ ಬೆಸುಗೆ, ತೇವದಿಂದ ಹಿಡಿದ ಹಸಿರು ಕಿಲುಬು, ಸಡಿಲಗೊಂಡ ಪಟ್ಟಿತಂತಿ ಇವು ಕಣ್ಣಿಗೆ ಬೀಳಬಹುದು. ಅನೇಕ ವೇಳೆ ಬೆಸುಗೆಯನ್ನು ಮತ್ತೊಮ್ಮೆ ಕಾಯಿಸಿದರೆ ಸಾಕಾಗುತ್ತದೆ. ಹಾಗಾಗದಿದ್ದರೆ ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ ಎಲ್‌ಇಡಿ ದೀಪದ ಎರಡು ತುದಿಗಳಿಗೆ ಮುಟ್ಟಿಸಬೇಕು. ಒಂದು ದಿಕ್ಕಿನಲ್ಲಿ ಮಂದವಾಗಿ ಬೆಳಗಿದರೆ ದೀಪ ಜೀವಂತವಾಗಿದೆ. ಆಗ ಅದರ ಹಿಂದಿನ ರೋಧಕವನ್ನೂ ಸ್ವಿಚ್ಚಿನಂತೆ ವರ್ತಿಸುವ ಟ್ರಾನ್ಸಿಸ್ಟರನ್ನೂ ಪರೀಕ್ಷಿಸಬೇಕು.

ದೀಪವನ್ನು ಬದಲಿಸುವಾಗ ಅದರ ಧನ-ಋಣ ತುದಿಗಳು ಅದಲುಬದಲಾಗಬಾರದು. ರೋಧಕದ ಲೆಕ್ಕಕ್ಕೆ ಓಮನ ನಿಯಮವೇ ಆಧಾರ. ದೀಪವು ರೋಧಕದ ಮೂಲಕ 7.4 ವೋಲ್ಟಿನ ಬ್ಯಾಟರಿಗೆ ನೇರವಾಗಿ ಸೇರಿದೆಯೆನ್ನೋಣ. ಬಿಳಿಯ ದೀಪಕ್ಕೆ ಸುಮಾರು 3 ವೋಲ್ಟ್ ಸಾಕು; ಉಳಿದ 4.4 ವೋಲ್ಟನ್ನು ರೋಧಕ ತಡೆಯಬೇಕು. 10 ಮಿಲಿಆಂಪಿಯರ್ ಪ್ರವಾಹ ಬೇಕಾದರೆ 4.4ನ್ನು 0.01ರಿಂದ ಭಾಗಿಸಿದಾಗ 440 ಓಮ್ ಬರುತ್ತದೆ. ಪೇಟೆಯಲ್ಲಿ ಸುಲಭವಾಗಿ ದೊರೆಯುವ 470 ಓಮಿನದನ್ನು ಹಾಕಿದರೆ ಪ್ರವಾಹ 9 ಮಿಲಿಆಂಪಿಯರಿಗೆ ತುಸು ಮೇಲಿರುತ್ತದೆ. ಬ್ಯಾಟರಿ ಪೂರ್ಣ ತುಂಬಿ 8.4 ವೋಲ್ಟ್ ಆದಾಗಲೂ ಅದು 12ನ್ನು ಮೀರದು. ರೋಧಕವಿಲ್ಲದೆ ಜೋಡಿಸಿದರೆ ದೀಪ ಆ ಕ್ಷಣವೇ ಸುಟ್ಟುಹೋದೀತು.

ಬೆಸುಗೆಯ ಕಡ್ಡಿಯನ್ನು ಕೆಲವೇ ಕ್ಷಣ ತಾಗಿಸಬೇಕು. ಆವರ್ತನಕ್ಕೆ ಸಂಬಂಧಿಸಿದ ಭಾಗಗಳನ್ನು ಮುಟ್ಟಬಾರದು. ಆಂಟೆನಾ ಇಲ್ಲದೆ ಮಾತಿನ ಗುಂಡಿಯನ್ನು ಒತ್ತಬಾರದು. ಮುಚ್ಚುವಾಗ ರಬ್ಬರಿನ ಅಂಚುಪಟ್ಟಿಯನ್ನು ಸರಿಯಾಗಿ ಕೂರಿಸದಿದ್ದರೆ ಮಳೆಗಾಲದಲ್ಲಿ ತೇವ ಸೇರಿ ಅದೇ ದೋಷ ಮರುಕಳಿಸುತ್ತದೆ.

ಇಲಾಖೆಯ ಯಂತ್ರಗಳನ್ನು ಬಿಚ್ಚುವುದು ಅಧಿಕೃತ ತಂತ್ರಜ್ಞರ ಕೆಲಸ. ವಿದ್ಯಾರ್ಥಿಗಳಿಗೆ ಬ್ಯಾಟರಿ, ರೋಧಕ, ದೀಪಗಳನ್ನು ಹಲಗೆಯೊಂದರ ಮೇಲೆ ಜೋಡಿಸಿ ಇದೇ ಪಾಠವನ್ನು ಕಲಿಸಬಹುದು. ಪುಸ್ತಕದ ಓಮನ ನಿಯಮವು ಇರುಳಿನಲ್ಲಿ ಕಾಡು ಕಾಯುವವನ ಕೈಗೆ ಬೆಳಕಾಗುತ್ತದೆಂದು ತಿಳಿದ ಬಾಲಕ ಆ ನಿಯಮವನ್ನು ಬೇಗ ಮರೆಯಲಾರನು.